‘ಸಿಲ್ಕ್’ ಸಿಕ್ಕ ವಕೀಲರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬ್ರಿಟನ್ನಿನ ರಾಜಕಾರಣಿ ಕೀರ್ ಸ್ಟಾರ್ಮರ್ ಬಗ್ಗೆ ಒಂದು ಪುಟ್ಟ ಪರಿಚಯ ಬರೆಯುತ್ತಿದ್ದೇನೆ. 2015ರಲ್ಲಿ ಸಂಸದರಾಗುವ ತನಕ ಅವರದು ವಕೀಲಿಕೆ. ಅಲ್ಲಿನ ಹುದ್ದೆ, ಗೌರವಗಳಿಗೆ ಕನ್ನಡ ಪದ ಹುಡುಕುವ ನನ್ನ ತಕರಾರು ಹೆಚ್ಚಾಗಿ ಆ ಭಾಗದ್ದೇ.

1987ರಲ್ಲಿ ಬ್ಯಾರಿಸ್ಟರ್ ಆದರು. ಇಲ್ಲಿ ತೊಂದರೆಯಿಲ್ಲ. ಗಾಂಧಿ, ಅಂಬೇಡ್ಕರ್ ದೆಸೆಯಿಂದ ಅದು ನಮ್ಮದೇ ಪದ ಆಗಿಬಿಟ್ಟಿದೆ.

ತೊಡಕು 2002ರದ್ದು. ಆ ವರ್ಷ ಅವರು ಕ್ವೀನ್ಸ್ ಕೌನ್ಸೆಲ್ ಆದರು. ನುರಿತ ವಕೀಲರಿಗೆ ಕೊಡುವ ಈ ಗೌರವ ಸಿಕ್ಕವರು ಕೋರ್ಟಿಗೆ ರೇಷ್ಮೆ ಗೌನು ತೊಟ್ಟು ಬರುತ್ತಾರೆ. ಅದಕ್ಕೇ ಅಲ್ಲಿನವರ ಬಾಯಲ್ಲಿ ಇದು ಸುಮ್ನೆ ‘ಸಿಲ್ಕ್’. ನಮ್ಮ ಸೀನಿಯರ್ ಅಡ್ವೊಕೇಟ್ ಇದಕ್ಕೆ ಹತ್ತಿರ ಅಂತ ‘ಹಿರಿಯ ವಕೀಲರಾದರು’ ಎಂದು ಬರೆದೆ. ಅಮ್ಮ ಓದಿ, ‘ಆಗಲೇ ಅಷ್ಟು ವಯಸ್ಸಾಗಿತ್ತಾ?’ ಅಂದರು. 1962ರಲ್ಲಿ ಹುಟ್ಟಿದವರು, ಆಗಿನ್ನೂ 40ರ ಆಸುಪಾಸು! ಅಮ್ಮನದೇನೂ ತಪ್ಪಲ್ಲ. ತಲೆ ನರೆತ ವಕೀಲರನ್ನೆಲ್ಲ ನಾವು ‘ಹಿರಿಯ ವಕೀಲರು’ ಅಂತಲೇ ಕರೆಯುತ್ತೇವಲ್ವಾ? ‘ಪದಾಂಕಿತ ಹಿರಿಯ ವಕೀಲ’ ಅಂದರೆ ಅರ್ಥ ಸರಿ, ಆದರೆ ಅದು ಸರ್ಕಾರಿ ಆದೇಶದ ಭಾಷೆ. ‘ರಾಣಿಯ ವಕೀಲ’ ಅಂತೂ ಬೇಡವೇ ಬೇಡ, ರಾಣಿಯ ಸ್ವಂತ ಕೇಸು ನಡೆಸಿದ ಹಾಗಾಗುತ್ತದೆ. ಮೇಲಾಗಿ 2022ರಲ್ಲಿ ಎಲಿಜಬೆತ್ ತೀರಿಕೊಂಡ ಮೇಲೆ ಅವರೆಲ್ಲ ಕಿಂಗ್ಸ್ ಕೌನ್ಸೆಲ್!

ಇನ್ನು 2008ರಿಂದ 2013ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಡೈರೆಕ್ಟರ್ ಆಫ್ ಪಬ್ಲಿಕ್ ಪ್ರಾಸಿಕ್ಯೂಷನ್ಸ್. ಪ್ರಾಸಿಕ್ಯೂಷನ್‌ಗೆ ನಮ್ಮ ಕಡತಗಳಲ್ಲಿ ‘ಅಭಿಯೋಜನೆ’ ಎಂಬ ಪದವಿದೆ. ಆದರೆ ಕೋರ್ಟ್ ಆವರಣದಲ್ಲಿ ಯಾರೂ ‘ಅಭಿಯೋಜಕರು ಬಂದರು’ ಅನ್ನುವುದಿಲ್ಲ, ‘ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್) ಬಂದ್ರು’ ಅಂತಾರೆ. ‘ಸರ್ಕಾರಿ ವಕೀಲರ ಮುಖ್ಯಸ್ಥ’ ಎಂದರೆ ಸರ್ಕಾರದ ಜಮೀನು, ತೆರಿಗೆ ವ್ಯಾಜ್ಯಗಳೂ ಅವರ ಕೈಲಿದ್ದಂತೆ ಕೇಳಿಸುತ್ತದೆ. ಅವರದು ಬರೀ ಕ್ರಿಮಿನಲ್ ಕೇಸುಗಳು. ಸದ್ಯಕ್ಕೆ ‘ಕ್ರಿಮಿನಲ್ ಮೊಕದ್ದಮೆ ಹೂಡುವ ಇಲಾಖೆಯ ಮುಖ್ಯಸ್ಥ’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಇರಲಿ.

2020ರ ಏಪ್ರಿಲ್‌ನಲ್ಲಿ ಲೇಬರ್ ಪಕ್ಷದ ‘ಅಧ್ಯಕ್ಷ’ರಾದರು ಅಂತ ಬರೆಯಲು ನನಗೆ ಇಷ್ಟವಿಲ್ಲ. ಆ ಪಕ್ಷದಲ್ಲಿ ಚೇರ್ ಹುದ್ದೆ ಬೇರೆಯೇ ಇದೆ. ಗೆದ್ದರೆ ಪ್ರಧಾನಿಯಾಗುವವರು ಲೀಡರ್, 2024ರ ಜುಲೈನಲ್ಲಿ ಆದದ್ದೂ ಹಾಗೆಯೇ. ಅದಕ್ಕೆ ‘ನಾಯಕ’ ಸಾಕು.

ಉಳಿದದ್ದು ಸಿಲ್ಕ್. ‘ರೇಷ್ಮೆ ಗೌನಿನ ಗೌರವ ಪಡೆದರು’ ಅಂದರೆ ಒಪ್ಪುತ್ತೀರಾ, ಅಥವಾ ಶಾಲು ಹೊದಿಸಿ ಸನ್ಮಾನ ಮಾಡಿದ ಹಾಗೆ ಕೇಳಿಸುತ್ತದಾ?