‘ದಾಸ್ ಎಕ್ಸ್‌ಪೆರಿಮೆಂಟ್’ ಹತ್ತು ಜನ ಒಟ್ಟಿಗೆ ಕುಳಿತು ನೋಡಬಹುದೇ?

ಕೇಳಿದ್ದು: ಮ್ಯೂನಿಕ್‌ನಲ್ಲಿ ನಾವು ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಜರ್ಮನ್ ಸಿನಿಮಾ ನೋಡುತ್ತೇವೆ. ಈ ಸಲದ ಆಯ್ಕೆ ಆಲಿವರ್ ಹಿರ್ಷ್‌ಬೀಗಲ್ ನಿರ್ದೇಶನದ, 2001ರ ‘ದಾಸ್ ಎಕ್ಸ್‌ಪೆರಿಮೆಂಟ್’. ಲೈಂಗಿಕ ಹಿಂಸೆಯ ದೃಶ್ಯವಿದೆಯಂತೆ. ಹದಿನಾರು ತುಂಬಿದ ನನ್ನ ಮಗನೂ ಬರುತ್ತಾನೆ. ನೋಡಿದವರು ಹೇಗೆ ನಿಭಾಯಿಸಿದಿರಿ?

ಉತ್ತರ 1: ನಾವು ಎಡವಿದ ಕಥೆ ಹೇಳುತ್ತೇನೆ. ‘ಜೈಲಿನ ಕಥೆ’ ಎಂದಷ್ಟೇ ಹೇಳಿ ಎಲ್ಲರನ್ನೂ ಕರೆದಿದ್ದೆ. ಹಣಕ್ಕಾಗಿ ಕೃತಕ ಜೈಲಿನ ಮನಶ್ಶಾಸ್ತ್ರ ಪ್ರಯೋಗಕ್ಕೆ ಬಂದ ಸಾಮಾನ್ಯ ಗಂಡಸರಲ್ಲಿ ಕೆಲವರು ಕೈದಿಗಳು, ಕೆಲವರು ಕಾವಲುಗಾರರು. ಹಾಲು ಒಗ್ಗದ ಕೈದಿಯೊಬ್ಬನಿಗೆ ಕುಡಿಯಲೇಬೇಕೆಂದು ಕಾವಲುಗಾರರು ಪಟ್ಟು ಹಿಡಿದಾಗ, 77ನೇ ನಂಬರಿನ ತಾರೆಕ್ ಲೋಟ ಕಿತ್ತುಕೊಂಡು ತಾನೇ ಗಟಗಟನೆ ಕುಡಿದುಬಿಡುತ್ತಾನೆ. ನಮ್ಮವರು ಚಪ್ಪಾಳೆ ತಟ್ಟಿದರು. ತಾರೆಕ್‌ಗೂ ಕಾವಲುಗಾರ ಬೇರುಸ್‌ಗೂ ಹಗೆ ಹೊತ್ತಿಕೊಳ್ಳುವುದೇ ಇಂಥ ಸಣ್ಣಪುಟ್ಟದರಿಂದ.

ಸಿನಿಮಾ ಮುಗಿದ ಮೇಲೆ ಒಂದು ಗಂಟೆ ಚರ್ಚೆ: ತಾರೆಕ್ ಕೆಣಕಿದ್ದು ಸರಿಯೇ, ಬೇರುಸ್ ಯಾಕೆ ಹಾಗಾದ? ತಟ್ಟೆ ಎತ್ತಿಡುತ್ತಿದ್ದ ಅತ್ತಿಗೆ ನಿಂತು ಕೇಳಿದರು, “ಆ ಡಾಕ್ಟರ್ ಹೆಂಗಸಿನ ಮಾತೇ ಬರಲಿಲ್ಲವಲ್ಲ?” ಪ್ರಯೋಗದ ತಂಡದ ಯೂಟಾ ಗ್ರಿಮ್ ಅವರನ್ನು ಕಾವಲುಗಾರರು ಕೋಣೆಗೆ ತಳ್ಳುತ್ತಾರೆ, ಒಬ್ಬ ಅತ್ಯಾಚಾರಕ್ಕೆ ಯತ್ನಿಸುತ್ತಾನೆ. ಅವರ ಹೆಸರು ಸಹ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅತ್ತಿಗೆ ಆ ದೃಶ್ಯದಲ್ಲಿ ಅಡುಗೆಮನೆಗೆ ಎದ್ದು ಹೋಗಿದ್ದರು. ಅದನ್ನೂ ಯಾರೂ ಗಮನಿಸಿರಲಿಲ್ಲ. ಮೊದಲೇ ಹೇಳಿಬಿಡಿ. ಚರ್ಚೆಯನ್ನು ಗ್ರಿಮ್ ಅವರಿಂದಲೇ ಶುರುಮಾಡಿ.

ಉತ್ತರ 2: ‘ನಿಜವಾಗಿ ನಡೆದದ್ದು’ ಎಂದು ಮಾತ್ರ ಹೇಳಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನೇ ಕೈದಿ, ಕಾವಲುಗಾರರನ್ನಾಗಿ ಮಾಡಿದ 1971ರ ಪ್ರಯೋಗ ಎರಡು ವಾರ ನಡೆಯಬೇಕಿದ್ದದ್ದು ಆರೇ ದಿನಕ್ಕೆ ನಿಂತಿತು. ಅಲ್ಲಿ ಯಾರೂ ಸಾಯಲಿಲ್ಲ. ಸಿನಿಮಾಕ್ಕೆ ಆಧಾರ ಆ ಪ್ರಯೋಗದಿಂದ ಪ್ರೇರಿತವಾಗಿ ಮಾರಿಯೊ ಜೋರ್ಡಾನೊ ಬರೆದ ಕಾದಂಬರಿ.

ಉತ್ತರ 3: ಜರ್ಮನಿಯಲ್ಲಿ ಇದಕ್ಕೆ 16ರ ಮಿತಿ, ಹಾಗಾಗಿ ಮಗನಿಗೆ ಅಡ್ಡಿಯಿಲ್ಲ. ಪಕ್ಕದಲ್ಲಿ ನೀವು ಕುಳಿತಿರಿ. ಬೇರುಸ್‌ನ ಮೈ ನಾರುತ್ತದೆ ಎಂದು ತಾರೆಕ್ ಹಂಗಿಸಿದಾಗ ನನ್ನ ಮಗ ನಕ್ಕ. ಮುಂದೆ ತಾರೆಕ್‌ನನ್ನು ಕಟ್ಟಿ, ತಲೆ ಬೋಳಿಸಿ, ಮೇಲೆ ಮೂತ್ರ ಹೊಯ್ಯುವಾಗ ದಿಂಬನ್ನು ಅವುಚಿಕೊಂಡಿದ್ದ. ಕೈದಿಗಳನ್ನು ಬೆತ್ತಲೆ ಮಾಡುವುದನ್ನು ನೋಡಿ ನನಗೆ ನಮ್ಮ ಹಾಸ್ಟೆಲ್ ನೆನಪಾಯಿತು. ಹಿರಿಯರು ಸಾಲಾಗಿ ನಿಲ್ಲಿಸಿ ಬಟ್ಟೆ ಬಿಚ್ಚಿಸುತ್ತಿದ್ದುದನ್ನು ನಾವು ‘ರ‍್ಯಾಗಿಂಗ್’ ಎಂದು ನಕ್ಕು ಮರೆತಿದ್ದೆವು. ಇಪ್ಪತ್ತು ವರ್ಷಗಳ ನಂತರ ಮಗನಿಗೆ ಹೇಳಿದೆ, ಅದೂ ಅರ್ಧ ಮಾತ್ರ.

ಉತ್ತರ 4: ಬಾಗಿಲ ಬಳಿಯ ಕುರ್ಚಿಗಳನ್ನು ಖಾಲಿ ಬಿಡಿ, ಎದ್ದು ಹೋದವರನ್ನು “ಏನಾಯಿತು” ಎಂದು ಕೂಗಿ ಕೇಳಬೇಡಿ. ಊಟ ಸಿನಿಮಾಕ್ಕೆ ಮೊದಲೇ ಮುಗಿಯಲಿ. ನಾವು ಬಿಸಿಬೇಳೆಬಾತ್ ಆಮೇಲೆಂದು ಇಟ್ಟಿದ್ದೆವು, ಪಾತ್ರೆ ತುಂಬಾ ಹಾಗೇ ಉಳಿಯಿತು.