ಕಾಲಿನ ಸಿರೆಹುಣ್ಣು: ಬ್ಯಾಂಡೇಜ್ ಬಿಗಿಯಾಗಿ ಕಟ್ಟಬೇಕೇ, ಕಟ್ಟಬಾರದೇ?

ಪ್ರಶ್ನೆ: ಹೊರರೋಗಿ ವಿಭಾಗದ ಶುಶ್ರೂಷಕಿ

ನಾನು ಕೆಲಸ ಮಾಡುವ ಡ್ರೆಸ್ಸಿಂಗ್ ಕೋಣೆಗೆ ಕಾಲಿನ ಹುಣ್ಣಿನ ರೋಗಿಗಳು ತಿಂಗಳುಗಟ್ಟಲೆ ಬರುತ್ತಲೇ ಇರುತ್ತಾರೆ. ಹುಣ್ಣು ಹೆಚ್ಚಾಗಿ ಪಾದದ ಹರಡಿನ ಒಳಬದಿಯಲ್ಲಿ ಇರುತ್ತದೆ. ಸುತ್ತಲಿನ ಚರ್ಮ ಕಂದು ಬಣ್ಣಕ್ಕೆ ತಿರುಗಿ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಸಂಜೆಯಾಗುತ್ತಿದ್ದಂತೆ ಕಾಲು ಊದಿಕೊಳ್ಳುತ್ತದೆ. ನಾವು ಗಾಯವನ್ನು ತೊಳೆದು, ಮುಲಾಮು ಹಚ್ಚಿ, ಸಡಿಲವಾಗಿ ಪಟ್ಟಿ ಸುತ್ತಿ ಕಳುಹಿಸುತ್ತೇವೆ. ಸ್ರಾವ ಹೆಚ್ಚಾದಾಗ ಆಂಟಿಬಯೋಟಿಕ್ ಬರೆಸುವುದೂ ರೂಢಿಯಾಗಿದೆ. ಒಬ್ಬ ವೈದ್ಯರು ಬಿಗಿಯಾಗಿ ಬ್ಯಾಂಡೇಜ್ ಕಟ್ಟಬೇಕು ಎನ್ನುತ್ತಾರೆ, ಇನ್ನೊಬ್ಬರು ಹಾಗೆ ಕಟ್ಟಿದರೆ ರಕ್ತ ಹರಿಯದೆ ಕಾಲೇ ಹೋದೀತು ಎಂದು ತಡೆಯುತ್ತಾರೆ. ರಕ್ತನಾಳ ತಜ್ಞರು ನಮ್ಮಲ್ಲಿಲ್ಲ. ಇಂಥ ಕಡೆ ಯಾರ ಮಾತನ್ನು ಅನುಸರಿಸಬೇಕು, ಮತ್ತು ಅದನ್ನು ನಿರ್ಧರಿಸುವ ಮುನ್ನ ನಾವು ನೋಡಬೇಕಾದದ್ದು ಏನು?

ಉತ್ತರ 1: ಗಾಯ ಆರೈಕೆಯ ಶುಶ್ರೂಷಕಿ

ಇಬ್ಬರು ವೈದ್ಯರ ಮಾತೂ ಸರಿಯೇ, ಆದರೆ ಒಂದೇ ಕಾಲಿನ ಬಗ್ಗೆ ಅಲ್ಲ. ಯಾವ ಕಾಲಿಗೆ ಯಾರ ಮಾತು ಸಲ್ಲುತ್ತದೆ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು, ಅಳೆದೇ ಹೇಳಬೇಕು.

ನೀವು ವರ್ಣಿಸಿದ ಚಿತ್ರ ಸಿರೆಹುಣ್ಣಿನದೇ ಎಂದು ತೋರುತ್ತದೆ. ನಾವು ನಿಂತಾಗ ಹರಡಿನ ಬಳಿಯ ಸಿರೆಗಳಲ್ಲಿ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟು ಒತ್ತಡವಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಹಿಂಡುವುದರಿಂದ ಅದು 30ಕ್ಕಿಂತ ಕೆಳಗೆ ಇಳಿಯುತ್ತದೆ. ಸಿರೆಯ ಕವಾಟಗಳು ಕೆಟ್ಟಿದ್ದರೆ, ಇಲ್ಲವೆ ಹಳೆಯ ಹೆಪ್ಪುಗಟ್ಟುವಿಕೆಯಿಂದ ದಾರಿ ಕಟ್ಟಿದ್ದರೆ, ನಡೆದರೂ ಒತ್ತಡ ಇಳಿಯುವುದಿಲ್ಲ. ಕೆಂಪು ರಕ್ತಕಣಗಳು ಸೂಕ್ಷ್ಮನಾಳಗಳಿಂದ ಹೊರಬಿದ್ದು ಅವುಗಳ ಕಬ್ಬಿಣ ಚರ್ಮದಲ್ಲಿ ಉಳಿಯುವುದರಿಂದಲೇ ಆ ಕಂದು ಬಣ್ಣ ಬರುತ್ತದೆ. ಒತ್ತಡ ಹೀಗೇ ಉಳಿದರೆ ಮೇಲಿಂದ ಯಾವ ಮುಲಾಮು ಹಚ್ಚಿದರೂ ಹುಣ್ಣು ಮಾಯುವುದು ಕಷ್ಟ.

ಆದ್ದರಿಂದ ಹೊರಗಿನಿಂದ ಒತ್ತಡ ಕೊಡುವ ಬ್ಯಾಂಡೇಜೇ ಮುಖ್ಯ ಚಿಕಿತ್ಸೆ. ಆದರೆ ಅದಕ್ಕೂ ಮೊದಲು ಅಪಧಮನಿಯ, ಅಂದರೆ ಹೃದಯದಿಂದ ರಕ್ತ ತರುವ ನಾಳದ, ರಕ್ತ ಪಾದಕ್ಕೆ ಸರಿಯಾಗಿ ತಲುಪುತ್ತಿದೆಯೇ ಎಂದು ತಿಳಿಯಬೇಕು. ರೋಗಿಯನ್ನು ಹತ್ತಿಪ್ಪತ್ತು ನಿಮಿಷ ಮಲಗಿಸಿ, ನಾಳದಲ್ಲಿ ರಕ್ತ ಹರಿಯುವ ಸದ್ದನ್ನು ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಉಪಕರಣದಿಂದ ಎರಡೂ ತೋಳುಗಳ ಸಂಕೋಚನ ಒತ್ತಡವನ್ನು (ರಕ್ತದೊತ್ತಡದ ಮೇಲಿನ ಅಂಕಿ) ಅಳೆದು ಹೆಚ್ಚಿನದನ್ನು ಇಟ್ಟುಕೊಳ್ಳಿ. ಬಳಿಕ ಹುಣ್ಣಿನ ಮೇಲೆ ಪಾರದರ್ಶಕ ಹಾಳೆ ಸುತ್ತಿ ಹರಡಿನ ಮೇಲ್ಭಾಗಕ್ಕೆ ರಕ್ತದೊತ್ತಡ ಅಳೆಯುವ ಪಟ್ಟಿ ಕಟ್ಟಿ, ಪಾದದ ಎರಡು ನಾಡಿಗಳಲ್ಲಿ ಹೆಚ್ಚಿನ ಅಂಕಿಯನ್ನು ತೆಗೆದುಕೊಳ್ಳಿ. ಕಾಲಿನ ಅಂಕಿಯನ್ನು ತೋಳಿನದರಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ತೋಳಿನಲ್ಲಿ 140, ಕಾಲಿನಲ್ಲಿ 126 ಇದ್ದರೆ 0.9. ಸೂಚ್ಯಂಕ 0.8ರಿಂದ 1.3ರ ಒಳಗಿದ್ದರೆ ಸಾಮಾನ್ಯವಾಗಿ ಪೂರ್ಣ ಒತ್ತಡ ಕೊಡಬಹುದು. 0.5ರಿಂದ 0.8ರ ನಡುವೆ ಇದ್ದರೆ ತಜ್ಞರ ಮೇಲ್ವಿಚಾರಣೆಯಲ್ಲಿ ತಗ್ಗಿಸಿದ ಒತ್ತಡ ಮಾತ್ರ. 0.5ಕ್ಕಿಂತ ಕಡಿಮೆಯಾದರೆ ಕಟ್ಟಲೇಬಾರದು, ತಡಮಾಡದೆ ಕಳುಹಿಸಬೇಕು. ನಿಮ್ಮ ಎರಡನೆಯ ವೈದ್ಯರು ಹೆದರುವುದು ಈ ಕಾಲಿಗೇ.

ಇಲ್ಲಿ ಎಡವುವುದು 1.3ಕ್ಕಿಂತ ಮೇಲಿನ ಅಂಕಿಯನ್ನು ಕಂಡು ನೆಮ್ಮದಿಪಡುವವರು. ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಪಟ್ಟಿಯ ಒತ್ತಡಕ್ಕೆ ನಾಳ ಬಗ್ಗುವುದೇ ಇಲ್ಲ. ಅಂಕಿ ಸುಳ್ಳಾಗಿ ಏರುತ್ತದೆ. ಅಂಥವರಿಗೆ ಕಾಲ್ಬೆರಳಿನ ಒತ್ತಡವನ್ನು ಅಳೆಸಬೇಕು. ಮಧುಮೇಹಿಗಳಲ್ಲಿ ಅಂಕಿ ಸಹಜವಾಗಿ ಕಂಡಾಗಲೂ ಡಾಪ್ಲರ್ ಧ್ವನಿ ಕುಂದಿದ್ದರೆ ನಾನು ಅಂಕಿಯನ್ನು ನಂಬುವುದಿಲ್ಲ. ಹೃದಯ ವೈಫಲ್ಯ ಹತೋಟಿಯಲ್ಲಿಲ್ಲದವರಿಗೂ ಬಿಗಿ ಬ್ಯಾಂಡೇಜ್ ಸಲ್ಲದು, ಏಕೆಂದರೆ ಕಾಲಿನ ನೀರು ಒಮ್ಮೆಲೇ ಮೇಲಕ್ಕೆ ನುಗ್ಗಿ ಹೃದಯದ ಹೊರೆ ಹೆಚ್ಚುತ್ತದೆ.

ಪ್ರಶ್ನಿಸಿದವರ ಮರುಪ್ರಶ್ನೆ

ವಿವರಕ್ಕೆ ಕೃತಜ್ಞತೆಗಳು. ಡಾಪ್ಲರ್ ಉಪಕರಣವನ್ನು ಹೆರಿಗೆ ವಿಭಾಗದಲ್ಲಿ ನೋಡಿದ್ದೇನೆ, ಅದೇ ಸಾಲುತ್ತದೆಯೇ? ಹಿಂದೆ ಕೆಲವರಿಗೆ ಬ್ಯಾಂಡೇಜ್ ಕಟ್ಟಿದಾಗ ಅದು ಮರುದಿನವೇ ಜಾರಿ ಹರಡಿನ ಬಳಿ ಸುರುಳಿಯಾಗಿ ನಿಂತಿತ್ತು. ಇನ್ನು ಕೆಲವರು ನೋವು ತಾಳಲಾರದೆ ತಾವೇ ಬಿಚ್ಚಿದರು.

ಉತ್ತರ 2: ಗಾಯ ಆರೈಕೆಯ ಶುಶ್ರೂಷಕಿ

ಹೆರಿಗೆ ವಿಭಾಗದ ಪ್ರೋಬ್ (ಉಪಕರಣದ ಚರ್ಮಕ್ಕೆ ತಾಗಿಸುವ ತುದಿ) ಆಳದ ಸದ್ದಿಗಾಗಿ ಇರುವಂಥದು, ಆವರ್ತನ ಕಡಿಮೆ. ಪಾದದ ನಾಡಿಗೆ ಸುಮಾರು 8 ಮೆಗಾಹರ್ಟ್ಸ್‌ನ ಪ್ರೋಬ್ ಬೇಕು. ಅನೇಕ ಉಪಕರಣಗಳಲ್ಲಿ ಪ್ರೋಬ್ ಮಾತ್ರ ಬದಲಿಸಬಹುದು, ಅದನ್ನು ವಿಚಾರಿಸಿ.

ಬ್ಯಾಂಡೇಜಿನ ವಿಷಯದಲ್ಲಿ ಒಂದು ಭೌತಶಾಸ್ತ್ರದ ಮಾತನ್ನು ಹೇಳಲೇಬೇಕು. ಒಂದೇ ಬಿಗಿಯಲ್ಲಿ ಸುತ್ತಿದರೂ ತೆಳುವಾದ ಭಾಗದ ಮೇಲೆ ಒತ್ತಡ ಹೆಚ್ಚು, ದಪ್ಪನೆಯ ಭಾಗದ ಮೇಲೆ ಕಡಿಮೆ. ಹರಡಿನಲ್ಲಿ ಸುಮಾರು 40 ಮಿಲಿಮೀಟರ್ ಪಾದರಸದಷ್ಟಿದ್ದು ಮೊಣಕಾಲಿನ ಕಡೆಗೆ ಇಳಿಯುತ್ತಾ ಹೋಗುವ ಒತ್ತಡ ನಮಗೆ ಬೇಕು. ಕಾಲಿನ ಸಹಜ ಆಕಾರವೇ ಅದನ್ನು ಒದಗಿಸುತ್ತದೆ. ಆದರೆ ಈ ರೋಗಿಗಳ ಕಾಲು ಕೆಳಗೆ ಸೊರಗಿ ಮೇಲೆ ದಪ್ಪಗಿದ್ದು, ತಲೆಕೆಳಗಾಗಿ ಇಟ್ಟ ಬಾಟಲಿಯಂತಿರುತ್ತದೆ. ಒಳಪದರವಾಗಿ ಹತ್ತಿಯ ಮೆತ್ತೆಯನ್ನು ಹಾಕಿ ಆಕಾರವನ್ನು ಸರಿಪಡಿಸದೆ ಕಟ್ಟಿದರೆ ಪಟ್ಟಿ ಜಾರುತ್ತದೆ, ಇಲ್ಲವೆ ಮೊಣಕಾಲಿನ ಕೆಳಗೆ ಕಾಲಿನ ಮುಂಬದಿಯ ಮೂಳೆಯ ಮೇಲೆ ಒತ್ತಿ ಹೊಸ ಗಾಯ ಮಾಡುತ್ತದೆ. ಕಾಲ್ಬೆರಳುಗಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ, ಪಾದವನ್ನು ಕಾಲಿಗೆ ಲಂಬವಾಗಿ ಹಿಡಿಸಿ ಕಟ್ಟಿ. ಕಟ್ಟಿದ ಮೇಲೆ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ರಾತ್ರಿ ನೋವು ಏರಿದರೆ ತಕ್ಷಣ ಬಿಚ್ಚಬೇಕೆಂದು ರೋಗಿಗೆ ಬಿಡಿಸಿ ಹೇಳಿ. ಬಿಚ್ಚಿದವರನ್ನು ಗದರಬೇಡಿ, ನೋವುನಿವಾರಕ ಕೊಟ್ಟು, ಕಡಿಮೆ ಒತ್ತಡದಿಂದ ಶುರುಮಾಡಿ ವಾರಗಳಲ್ಲಿ ಏರಿಸಿದರೆ ಅವರೇ ಒಗ್ಗಿಕೊಳ್ಳುತ್ತಾರೆ.

ಸುತ್ತುವುದರಲ್ಲಿ ಕೈ ಪಳಗಿದವರು ಇಲ್ಲದಿದ್ದರೆ ಎರಡು ಪದರದ ಒತ್ತು ಕಾಲುಚೀಲವೂ ಆದೀತು. ಬ್ರಿಟನ್ನಿನಲ್ಲಿ 457 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ಪದರದ ಬ್ಯಾಂಡೇಜಿನಿಂದ ಮಾಯಲು ಮಧ್ಯಮ ಅವಧಿ 98 ದಿನ, ಕಾಲುಚೀಲದಿಂದ 99 ದಿನ. ತೀರ ಸ್ರಾವವಿರುವ, ದೊಡ್ಡ ಹುಣ್ಣಿಗೆ ಮಾತ್ರ ನಾನು ಬ್ಯಾಂಡೇಜನ್ನೇ ಆರಿಸುತ್ತೇನೆ.

ಉತ್ತರ 3: ರಕ್ತನಾಳ ಶಸ್ತ್ರವೈದ್ಯ

ಮೇಲಿನದೆಲ್ಲ ಒಪ್ಪಿದೆ, ಆದರೆ ಬ್ಯಾಂಡೇಜಿಗೇ ನಿಲ್ಲಬೇಡಿ. ಮಾಯ್ದ ಹುಣ್ಣು ಮರುಕಳಿಸುವುದೇ ಈ ಕಾಯಿಲೆಯ ಸ್ವಭಾವ, ಏಕೆಂದರೆ ಕೆಟ್ಟ ಕವಾಟ ಹಾಗೇ ಇರುತ್ತದೆ. 2004ರಲ್ಲಿ ಪ್ರಕಟವಾದ, 500 ರೋಗಿಗಳ ಅಧ್ಯಯನದಲ್ಲಿ ಮೇಲ್ಪದರದ ಸಿರೆಗೆ ಶಸ್ತ್ರಚಿಕಿತ್ಸೆ ಮಾಡಿದ್ದರಿಂದ ಹುಣ್ಣು ಬೇಗ ಮಾಯಲಿಲ್ಲ; ಆದರೆ ಒಂದು ವರ್ಷದಲ್ಲಿ ಮರುಕಳಿಸಿದ ಪ್ರಮಾಣ ಬ್ಯಾಂಡೇಜ್ ಮಾತ್ರ ಪಡೆದವರಲ್ಲಿ ಶೇ 28, ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಶೇ 12. ಲೇಸರ್, ರೇಡಿಯೋ ತರಂಗ, ನೊರೆ ಚುಚ್ಚುಮದ್ದಿನಂಥ ಒಳನಾಳ ವಿಧಾನಗಳು ಬಂದ ಮೇಲೆ, 2018ರಲ್ಲಿ ಪ್ರಕಟವಾದ 450 ರೋಗಿಗಳ ಪರೀಕ್ಷೆಯಲ್ಲಿ, ಎರಡು ವಾರದೊಳಗೆ ಸಿರೆಗೆ ಚಿಕಿತ್ಸೆ ಪಡೆದವರ ಹುಣ್ಣು ಮಧ್ಯಮವಾಗಿ 56 ದಿನಕ್ಕೆ ಮಾಯಿತು, ಹುಣ್ಣು ಮಾಯುವವರೆಗೆ ಕಾದವರಲ್ಲಿ 82 ದಿನ ಹಿಡಿಯಿತು. ಎರಡೂ ಗುಂಪಿಗೆ ಒತ್ತಡ ಚಿಕಿತ್ಸೆ ಇದ್ದೇ ಇತ್ತು ಎಂಬುದನ್ನು ಮರೆಯಬಾರದು.

ಮೊಣಕಾಲಿನ ಕೆಳಗಿನ ಗಾಯ ಎರಡು ವಾರದಲ್ಲಿ ಮಾಯದಿದ್ದರೆ ಡ್ಯುಪ್ಲೆಕ್ಸ್ ಸ್ಕ್ಯಾನ್ (ರಕ್ತನಾಳ ಮತ್ತು ಅದರೊಳಗಿನ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್) ಆಗುವ ಕಡೆಗೆ ಕಳುಹಿಸಿ. ಸರದಿ ಬರುವವರೆಗೆ ಸೂಚ್ಯಂಕ ಸರಿಯಿದ್ದರೆ ಬ್ಯಾಂಡೇಜ್ ಶುರುವಾಗಿರಲಿ. ತಜ್ಞರನ್ನು ನೋಡಿದ ಮೇಲೆ ಕಟ್ಟೋಣ ಎಂದು ಕಾಯುವುದು ರೋಗಿಯ ದಿನಗಳನ್ನು ಹಾಳುಮಾಡುತ್ತದೆ.

ಉತ್ತರ 4: ಚರ್ಮರೋಗ ತಜ್ಞೆ

ಆಂಟಿಬಯೋಟಿಕ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಎರಡು ಮಾತು. ದೀರ್ಘಕಾಲದ ಹುಣ್ಣಿನಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಸ್ವ್ಯಾಬ್ (ಗಾಯದಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿ) ಪ್ರಯೋಗಾಲಯಕ್ಕೆ ಕಳುಹಿಸಿದರೆ ಬೆಳೆದೂ ಬರುತ್ತವೆ. ಜ್ವರ, ಹರಡುವ ಕೆಂಪು, ಹೆಚ್ಚುವ ನೋವು ಇಲ್ಲದೆ ಸ್ರಾವ ಮಾತ್ರ ಹೆಚ್ಚಿದ್ದರೆ ಅದಕ್ಕೆ ಬೇಕಾದದ್ದು ಬಹುಶಃ ಒತ್ತಡ, ಮಾತ್ರೆಯಲ್ಲ. ಎರಡೂ ಕಾಲು ಏಕಕಾಲಕ್ಕೆ ಕೆಂಪಾಗಿ, ತುರಿಸಿ, ಹೊಟ್ಟು ಏಳುತ್ತಿದ್ದರೆ ಅದು ಸೋಂಕಲ್ಲ, ಸಿರೆಯ ಎಕ್ಸಿಮಾ ಆಗಿರುವ ಸಂಭವವೇ ಹೆಚ್ಚು. ಈ ರೋಗಿಗಳ ಚರ್ಮ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್, ಲ್ಯಾನೋಲಿನ್ ಎಂಬ ಉಣ್ಣೆಯ ಜಿಡ್ಡಿನಂಥವುಗಳಿಗೆ ಬೇಗ ಅಲರ್ಜಿಯಾಗುತ್ತದೆ. ನಿಮ್ಮ ಮುಲಾಮಿನಲ್ಲಿ ಏನಿದೆ ಎಂದು ಡಬ್ಬಿಯನ್ನು ಓದಿ ನೋಡಿ.

ಮತ್ತೆ, ಸರಿಯಾದ ಒತ್ತಡ ಕೊಟ್ಟು ಮೂರು ತಿಂಗಳಾದರೂ ಮಾಯದ, ಅಂಚು ಎದ್ದು ಬಂದ, ಸುಲಭವಾಗಿ ರಕ್ತ ಸುರಿಸುವ ಹುಣ್ಣಿಗೆ ಬಯಾಪ್ಸಿ (ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿಸಬೇಕು. ಹಳೆಯ ಹುಣ್ಣಿನ ಅಂಚಿನಲ್ಲಿ ಕ್ಯಾನ್ಸರ್ ಹುಟ್ಟುವುದು ಅಪರೂಪ, ಆದರೆ ಹುಣ್ಣು ಹಳೆಯದೆಂಬ ಕಾರಣಕ್ಕೇ ಅದು ಕಣ್ತಪ್ಪುತ್ತದೆ.

ಪ್ರಶ್ನಿಸಿದವರು

ಸೂಕ್ತ ಪ್ರೋಬ್ ಎರವಲು ಸಿಕ್ಕಿತು. ನಿತ್ಯ ಬರುವ ಇಬ್ಬರನ್ನು ಅಳೆದೆವು. ಒಬ್ಬರಿಗೆ 0.95 ಬಂದದ್ದರಿಂದ ವೈದ್ಯರ ಒಪ್ಪಿಗೆಯೊಡನೆ ಬ್ಯಾಂಡೇಜ್ ಆರಂಭಿಸಿ, ಹುಣ್ಣಿನ ಉದ್ದಗಲವನ್ನು ಮೊದಲ ಬಾರಿಗೆ ಬರೆದಿಟ್ಟಿದ್ದೇವೆ. ಇನ್ನೊಬ್ಬರ ಹುಣ್ಣು ನೋಡಲು ಅಂಥದ್ದೇ, ಕಂದು ಚರ್ಮವೂ ಇತ್ತು, ಸೂಚ್ಯಂಕ 0.6. ಅವರಿಗೆ ಮುಂದಿನ ವಾರ ಬಿಗಿಯಾಗಿ ಕಟ್ಟುವುದೆಂದು ನಾವು ಆಗಲೇ ತೀರ್ಮಾನಿಸಿದ್ದೆವು. ಅದನ್ನು ನಿಲ್ಲಿಸಿ ರಕ್ತನಾಳ ತಜ್ಞರಿಗೆ ಪತ್ರ ಬರೆಸಿದ್ದೇವೆ.