ತೀರಿಹೋದ ಅಪ್ಪನನ್ನು ಮಾತಾಡಿಸಿ ಕೊಡಿ ಅಂತಾರೆ. ಮಾಡಬಹುದಾ?

ಕಟಪಾಡಿ ಸ್ಟುಡಿಯೋ

ನಮಸ್ಕಾರ. ಕಟಪಾಡಿ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ, 1998ರಿಂದ ಉಂಟು. ಮದುವೆ ಸೀಸನ್ ಬಿಟ್ಟರೆ ಹೊಟ್ಟೆ ತುಂಬಿಸುವುದು ಪಾಸ್‌ಪೋರ್ಟ್ ಸೈಜು ಮತ್ತು ಬೊಜ್ಜದ ಫೋಟೋ. ಘಟ್ಟದ ಮೇಲಿನವರಿಗೆ ಹೇಳುವುದಾದರೆ, ಉತ್ತರಕ್ರಿಯೆಯ ದಿನ ಹಾರ ಹಾಕಿ ಇಡುತ್ತಾರಲ್ಲ, ಅದು. ಮನೆಯವರು ತರುವುದು ರೇಷನ್ ಕಾರ್ಡಿನ ಮಸುಕು ಮುಖ, ಇಲ್ಲದಿದ್ದರೆ ಯಾರದ್ದೋ ಮದುವೆ ಗ್ರೂಪ್ ಫೋಟೋದ ಹಿಂದಿನ ಸಾಲು. ಬೈರಾಸು ಹೊದ್ದವರಿಗೆ ನಾನು ಬಿಳಿ ಅಂಗಿ ತೊಡಿಸಿದ್ದೇನೆ. ಮುಚ್ಚಿದ ಕಣ್ಣು ತೆರೆಸಿದ್ದೇನೆ. ಒಬ್ಬರಿಗೆ ಹಲ್ಲು ಸಹ ಕೂರಿಸಿದ್ದೇನೆ, ಕೇಳಿದ್ದು ಅವರ ಹೆಂಡತಿಯೇ. ಹಾಗಾಗಿ ನಾನೇನೂ ಮಡಿವಂತ ಅಲ್ಲ.

ಹೋದ ವಾರ ದುಬೈಯಲ್ಲಿ ಕೆಲಸದಲ್ಲಿರುವ ಒಬ್ಬರು ಬಂದರು. ಮುಂದಿನ ತಿಂಗಳು ಹೊಸ ಮನೆಯ ಒಕ್ಕಲು. ತಂದೆ ಹೋಗಿ ಆರು ವರ್ಷ. ಅಂಗಳದಲ್ಲಿ ಎಲ್‌ಇಡಿ ಪರದೆ ಹಾಕಿಸುತ್ತಾರಂತೆ. ಅದರಲ್ಲಿ ಅಪ್ಪ ಬಂದು "ಮಗಾ, ಇಲ್ಲ್ ಪೊರ್ಲುಂಡು" (ಮಗಾ, ಮನೆ ಚೆಂದ ಉಂಟು) ಅಂತ ತುಳುವಿನಲ್ಲಿ ಹೇಳಿ ಆಶೀರ್ವಾದ ಮಾಡಬೇಕು. ಒಂದು ನಿಮಿಷ ಸಾಕು, ಹದಿನೈದು ಸಾವಿರ ಕೊಡುತ್ತೇನೆ ಅಂದರು. ಎರಡು ಸಾವಿರ ಅಡ್ವಾನ್ಸ್ ಮೇಜಿನ ಮೇಲಿಟ್ಟೇ ಹೋದರು. ಬೊಜ್ಜದ ಫೋಟೋಗೆ ಫ್ರೇಮ್ ಸಮೇತ ನಾನು ತೆಗೆದುಕೊಳ್ಳುವುದು ಸಾವಿರದ ಇನ್ನೂರು.

ದನಿಗೆ ಅವರ ಹತ್ತಿರ ಇರುವುದು ಒಂದೇ ವಾಟ್ಸಾಪ್ ವಾಯ್ಸ್ ಮೆಸೇಜು. 41 ಸೆಕೆಂಡು. ಬಾವಿಯ ಪಂಪ್ ಹಾಳಾಗಿದೆ, ರಿಪೇರಿಯವ ನಾಳೆ ಬರುತ್ತೇನೆ ಅಂದಿದ್ದಾನೆ, ನೀನು ಕಳಿಸಿದ ದುಡ್ಡು ಬಂತು. ಇಷ್ಟೇ. ನಡುವೆ ಎರಡು ಸಲ ಕೆಮ್ಮು, ಹಿಂದೆ ಎಲ್ಲೋ ನಾಯಿ. ಸುಮ್ನೆ ನೋಡುವ ಅಂತ ರಾತ್ರಿ ಅಂಗಡಿ ಮುಚ್ಚುವ ಮೊದಲು ಒಂದು ಎಐ ಆಪ್‌ಗೆ ಹಾಕಿದೆ. ಕನ್ನಡದಲ್ಲಿ ಒಂದು ವಾಕ್ಯ ಟೈಪ್ ಮಾಡಿದೆ. ಚಾ ತಣಿಯುವುದರೊಳಗೆ ಆ ಮನುಷ್ಯ ನನ್ನ ಅಂಗಡಿಯಲ್ಲಿ ಮಾತಾಡಿದರು. ದನಿ ಅವರದ್ದೇ, ಕೆಮ್ಮು ಮಾತ್ರ ಇಲ್ಲ. ಅವರ ಮಗಳ ಮದುವೆಯ ಫೋಟೋ ತೆಗೆದವ ನಾನು, ಪರಿಚಯ ಉಂಟು. ಶಟರ್ ಎಳೆದು ಮನೆಗೆ ಹೋದೆ. ಊಟ ಸೇರಲಿಲ್ಲ.

ಅಂಗಿ ತೊಡಿಸುವುದಕ್ಕೂ ಇದಕ್ಕೂ ಎಂತ ವ್ಯತ್ಯಾಸ ಅಂತ ನನಗೇ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ಬಿಳಿ ಅಂಗಿ ಅವರು ಹಾಕುತ್ತಿದ್ದರು. ಈ ಮಾತು ಅವರು ಆಡಿದ್ದಲ್ಲ. ಹಳೆ ಹಂಚಿನ ಮನೆ ಕೆಡವಿ ಕಟ್ಟಿದ್ದು ಇದು. ಅವರಿಗೆ ಇಷ್ಟವಾಗುತ್ತಿತ್ತಾ, ಯಾರಿಗೆ ಗೊತ್ತು? ತಾಯಿ ಇದ್ದಾರೆ. ಎಪ್ಪತ್ತು ದಾಟಿದೆ, ಬಿಪಿ ಉಂಟು. ಅವರಿಗೆ ಇದು ಸರ್‌ಪ್ರೈಸ್ ಅಂತೆ.

ನಾನು ಮಾಡದಿದ್ದರೆ ಉಡುಪಿಯಲ್ಲಿ ಇನ್ನೊಬ್ಬ ಮಾಡುತ್ತಾನೆ, ಅದೂ ಗೊತ್ತು. ನೀವಾದರೆ ಎಂತ ಮಾಡುತ್ತಿದ್ದಿರಿ?

ಮಣಿಪಾಲದ ಕೋಡ್‌ಕೂಲಿ

ಮೊದಲು ಒಂದು ಬೈಗುಳ. ಯಾರನ್ನೂ ಕೇಳದೆ ಆ ದನಿಯನ್ನು ಆಪ್‌ಗೆ ಹಾಕಿದ್ದು ತಪ್ಪು ಮಾರಾಯ್ರೆ. ಅದು ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವ ಕೆಲಸ ಅಲ್ಲ, ಎಲ್ಲಿಯದೋ ಸರ್ವರ್‌ಗೆ ಹೋಗುತ್ತದೆ. ಮೊದಲು ಅಳಿಸಿ, ಅಕೌಂಟ್ ಸಮೇತ.

2021ರಲ್ಲಿ ಮೈಹೆರಿಟೇಜ್ ಅನ್ನುವ ಕಂಪನಿ ಹಳೆ ಫೋಟೋದ ಮುಖ ಅಲುಗಾಡಿಸುವ ಸೌಲಭ್ಯ ತಂದಾಗ ಎಲ್ಲರೂ ಅಜ್ಜ ಅಜ್ಜಿಯರನ್ನು ನಗಿಸಿದ್ದೇ ನಗಿಸಿದ್ದು. ಆದರೆ ಅದರಲ್ಲಿ ಮಾತು ಇರಲಿಲ್ಲ. ದುರುಪಯೋಗ ಆಗಬಾರದು ಅಂತ ಬೇಕೆಂದೇ ಬಿಟ್ಟಿದ್ದೇವೆ ಅಂತ ಅವರೇ ಹೇಳಿದ್ದರು. ನಿಮಗೆ ಊಟ ಸೇರದ ಜಾಗವೂ ಅದೇ ಅಲ್ವಾ.

ಇನ್ನು ತುಳು. ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಬಂದದ್ದೇ 2024ರಲ್ಲಿ. ಈ ಯಂತ್ರಗಳು ತುಳು ಕೇಳಿರುವುದು ತೀರಾ ಕಡಿಮೆ. ದನಿ ಅಪ್ಪನದ್ದು, ರಾಗ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟಿನದ್ದು ಆಗುತ್ತದೆ. ಐವತ್ತು ವರ್ಷ ಜೊತೆಗಿದ್ದ ಹೆಂಡತಿಗೆ ಎರಡನೇ ಶಬ್ದಕ್ಕೇ ಗೊತ್ತಾಗುತ್ತದೆ.

ಕರಿಕೋಟು ಕುಡ್ಲ

ಕಾನೂನು ಕೇಳುವವರಿಗೆ: ಬದುಕಿರುವವರ ಮುಖ, ದನಿಯನ್ನು ಅವರ ಒಪ್ಪಿಗೆ ಇಲ್ಲದೆ ಬಳಸಬಾರದು ಅಂತ 2023ರಲ್ಲಿ ಅನಿಲ್ ಕಪೂರ್ ಕೇಸಿನಲ್ಲಿ ದಿಲ್ಲಿ ಹೈಕೋರ್ಟ್ ಆದೇಶ ಕೊಟ್ಟಿತು. ಅದೇ ವರ್ಷ ಸುಶಾಂತ್ ಸಿಂಗ್ ರಜಪೂತ್ ತಂದೆಯ ಕೇಸಿನಲ್ಲಿ ಅದೇ ಹೈಕೋರ್ಟ್, ಈ ಹಕ್ಕುಗಳು ಆ ವ್ಯಕ್ತಿಯ ಜೊತೆಗೇ ಹೋದವು ಅಂದಿತು. ಅಂದರೆ ತೀರಿಹೋದವರ ಪರವಾಗಿ ಕೋರ್ಟಿಗೆ ಹೋಗಿ ಗೆಲ್ಲುವುದು ಸುಲಭ ಇಲ್ಲ. ಹಾಗಂತ ಬಿಟ್ಟವರೂ ಇಲ್ಲ. ಎಸ್ಪಿಬಿ ಅವರ ದನಿಯನ್ನು ಎಐಯಲ್ಲಿ ಮಾಡಿ ಬಳಸಿದರು ಅಂತ ಮಗ ಚರಣ್ 2024ರಲ್ಲಿ ಒಂದು ತೆಲುಗು ಚಿತ್ರತಂಡಕ್ಕೆ ನೋಟಿಸ್ ಕಳಿಸಿದರು. ಅದೇ ಹೊತ್ತಿಗೆ ಎ. ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದರು. ಮನೆಯವರ ಒಪ್ಪಿಗೆ ಪಡೆದು, ದುಡ್ಡೂ ಕೊಟ್ಟು. ಯಂತ್ರ ಅದೇ ಜಾತಿಯದ್ದು, ಕೇಳಿದರೋ ಇಲ್ಲವೋ ಅನ್ನುವುದೇ ವ್ಯತ್ಯಾಸ.

ಇಲ್ಲಿ ಮಗ ಒಪ್ಪಿದ್ದಾರೆ, ಸರಿ. ಹೆಂಡತಿಗಿಂತ ಹತ್ತಿರದವರು ಯಾರು?

ಅಬುಧಾಬಿ ಕಾಪು

ನೀವೆಲ್ಲ ಊರಲ್ಲಿ ಕೂತು ಮಾತಾಡುತ್ತಿದ್ದೀರಿ. 2020ರ ಏಪ್ರಿಲಿನಲ್ಲಿ ನನ್ನ ಅಪ್ಪ ಹೋದರು. ವಿಮಾನ ಇಲ್ಲ. ಭಾವ ಮೊಬೈಲ್ ಹಿಡಿದುಕೊಂಡು ನಿಂತ, ನಾನು ಕ್ಯಾಂಪಿನ ರೂಮಿನಲ್ಲಿ ಕೂತು ಚಿತೆ ನೋಡಿದೆ. ನೆಟ್‌ವರ್ಕ್ ಇಲ್ಲದೆ ನಡುವೆ ಎರಡು ಸಲ ಚಿತ್ರ ನಿಂತೇ ಹೋಯಿತು. ಒಂದು ನಿಮಿಷ ಅಪ್ಪನ ದನಿ ಕೇಳಲಿಕ್ಕೆ ಹದಿನೈದು ಸಾವಿರ ನಾನೂ ಕೊಡುತ್ತೇನೆ. ಸುಳ್ಳು ಅಂತ ಗೊತ್ತಿದ್ದೇ ಕೊಡುತ್ತೇನೆ. ಆ ಮಗನನ್ನು ತಮಾಷೆ ಮಾಡಬೇಡಿ.

ಶಂಕರಪುರ ಮಲ್ಲಿಗೆ

ಅಬುಧಾಬಿಯ ಅಣ್ಣ, ತಮಾಷೆ ಯಾರೂ ಮಾಡಲಿಲ್ಲ. ಆದರೆ ನಾನು ಹೆಂಡತಿಯ ಕಡೆಯಿಂದ ಹೇಳುತ್ತೇನೆ. ನನ್ನವರು ಹೋಗಿ ಮೂರು ವರ್ಷ. ನಮ್ಮಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದವರಿಗೆ, ಬಡಿಸುತ್ತೇವೆ. ಅವರಿಗೆ ಇಷ್ಟದ್ದೆಲ್ಲ ಎಲೆಗೆ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು ನಿಲ್ಲುತ್ತೇವೆ. ಆ ಹೊತ್ತಿಗೆ ಯಾರೂ ಇಣುಕುವುದಿಲ್ಲ. ಎಂತ ಹೇಳಿದರು ಅಂತ ಯಾರೂ ಕೇಳುವುದೂ ಇಲ್ಲ. ನಾನು ಹೊಸ ಸೀರೆ ಉಟ್ಟು ನೂರು ಜನರಿಗೆ ಊಟ ಬಡಿಸುತ್ತಿರುವಾಗ ಹಿಂದಿನಿಂದ ಅವರ ದನಿ ಕೇಳಿದರೆ? ಕೈಯಲ್ಲಿದ್ದ ಪಾತ್ರೆ ಬೀಳುತ್ತದೆ. ಆ ಅಮ್ಮನಿಗೆ ಮೊದಲು ಹೇಳಿ. ಸರ್‌ಪ್ರೈಸ್ ಅಂತೆ!

ಕದ್ರಿಯ ನಿವೃತ್ತ ಮ್ಯಾನೇಜರ್

ಬ್ಯಾಂಕಿನಲ್ಲಿ 34 ವರ್ಷ ಇದ್ದವ, ನನ್ನ ತಲೆ ಓಡುವುದು ದುಡ್ಡಿನ ಕಡೆಗೆ. ನಮ್ಮ ಪಕ್ಕದ ಮನೆಯವರಿಗೆ ಮಗನ ದನಿಯಲ್ಲಿ ಫೋನ್ ಬಂತು, ಪೊಲೀಸರು ಹಿಡಿದಿದ್ದಾರೆ, ತಕ್ಷಣ ದುಡ್ಡು ಹಾಕಿ ಅಂತ. ಮಗ ಒಳಗೆ ಸ್ನಾನ ಮಾಡುತ್ತಿದ್ದ, ಬಚಾವಾದರು. ದನಿ ಕೇಳಿ ನಂಬುವ ಕಾಲ ಹೋಯಿತು. ನಾವು ಮನೆಯಲ್ಲಿ ಒಂದು ಗುಟ್ಟಿನ ಶಬ್ದ ಇಟ್ಟುಕೊಂಡಿದ್ದೇವೆ. ದುಡ್ಡು ಕೇಳಿದವರು ಅದನ್ನು ಹೇಳಬೇಕು. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸ್ಟುಡಿಯೋದವರೇ, ಮಾಡಿಕೊಟ್ಟರೂ "ಎಐಯಲ್ಲಿ ಮಾಡಿದ್ದು" ಅಂತ ಪರದೆಯ ಮೇಲೆ ದೊಡ್ಡದಾಗಿ ಹಾಕಿ. ವಾಟ್ಸಾಪಿನಲ್ಲಿ ಹೊರಟ ಮೇಲೆ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಕಟಪಾಡಿ ಸ್ಟುಡಿಯೋ

ಎಲ್ಲರಿಗೂ ಉಪಕಾರ. ಆಪ್‌ನಲ್ಲಿದ್ದದ್ದು ಅಳಿಸಿದೆ. ಸರ್ವರ್‌ನಲ್ಲಿ ನಿಜವಾಗಿ ಅಳಿದಿದೆಯಾ ಅಂತ ನನ್ನನ್ನು ಕೇಳಬೇಡಿ.

ಮಗನಿಗೆ ಫೋನ್ ಮಾಡಿ, ಅಮ್ಮನನ್ನು ಕೇಳದೆ ಮಾಡುವುದಿಲ್ಲ ಅಂದೆ. ಅವರಿಗೆ ಸಿಟ್ಟು ಬಂತು. "ಹಾಗಾದರೆ ನೀವೇ ಕೇಳಿ" ಅಂದರು. ಭಾನುವಾರ ಹೋದೆ. ಅಮ್ಮ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಎಐಯದ್ದು ಹಾಕಲಿಲ್ಲ, ಹಳೆಯ ವಾಯ್ಸ್ ಮೆಸೇಜನ್ನೇ ಹಾಕಿದೆ. ಮೊದಲ ಕೆಮ್ಮಿಗೇ ಅವರ ಕೈ ನಿಂತಿತು. ಪೂರ್ತಿ ಕೇಳಿದರು. ಇನ್ನೊಮ್ಮೆ ಹಾಕಿ ಅಂದರು, ಹಾಕಿದೆ. ಆಮೇಲೆ ಅಂದರು, "ಆ ಪಂಪಿನವ ಮತ್ತೆ ಬರಲೇ ಇಲ್ಲ."

ಪರದೆಯ ವಿಷಯ ಹೇಳಿದೆ. "ಅದೆಲ್ಲ ಮಗನಿಗೆ ಬೇಕಾದರೆ ಮಾಡಲಿ, ನನ್ನನ್ನು ಒಳಗೆ ಕೂರಿಸಿ" ಅಂದರು. ಬೇಡ ಅಂತಲೂ ಅಲ್ಲ, ಆಗಬಹುದು ಅಂತಲೂ ಅಲ್ಲ. ಹೊರಡುವಾಗ ತಮ್ಮ ಮೊಬೈಲ್ ತಂದು ಕೊಟ್ಟರು. ಆ ಮೆಸೇಜು ಅವರ ಹತ್ತಿರ ಇರಲೇ ಇಲ್ಲವಂತೆ. ಇಷ್ಟು ವರ್ಷ ಮಗನ ಮೊಬೈಲಿನಲ್ಲೇ ಇತ್ತು. ಹಾಕಿ ಕೊಟ್ಟೆ, ಒತ್ತುವುದು ಎಲ್ಲಿ ಅಂತಲೂ ತೋರಿಸಿದೆ.

ಮಗ ಇನ್ನೂ ಫೋನ್ ಮಾಡಿಲ್ಲ. ಎರಡು ಸಾವಿರ ಡ್ರಾಯರಿನಲ್ಲೇ ಉಂಟು.